ಫ್ಯಾನ್‌ಗಿಂತ ಮೊದಲು ಕಿಂಡಿ

(ತುಮಕೂರು ಸೀಮೆಯ ಒಂದು ತೋಟ. ಚಿಪ್ಪು ಅಣಬೆ ಬೆಳೆಯಲು 20 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಎತ್ತರದ ಶೆಡ್ ಏಳುತ್ತಿದೆ. ಹಾಲೋಬ್ಲಾಕ್ ಗೋಡೆ ಮೊಣಕಾಲೆತ್ತರಕ್ಕೆ ಬಂದಿದೆ. ಗಾಳಿ ಕಿಂಡಿಗೆ ಎಷ್ಟು ಜಾಗ ಬಿಡಬೇಕು ಎಂದು ಗಾರೆಯವರು ಕೇಳಿದ್ದಾರೆ. ಬಹುಕಾಲದಿಂದ ಅಣಬೆ ಬೆಳೆಯುತ್ತಿರುವ ಅಕ್ಕ, ಡಿಪ್ಲೊಮಾ ಮುಗಿಸಿ ಊರಿಗೆ ಮರಳಿರುವ ತಮ್ಮ — ಇಬ್ಬರ ಮಾತು ಇದು.)

ತಮ್ಮ: ಅಕ್ಕ, ಪಡುವಣ ಗೋಡೆಯಲ್ಲಿ ಎರಡು 4 ಇಂಚಿನ ಪಿವಿಸಿ ಪೈಪ್ ತೂರಿಸಿಬಿಡೋಣ ಅಂದ್ಕೊಂಡಿದ್ದೀನಿ. ಎದುರು ಗೋಡೆಯ ಮೇಲ್ಗಡೆ 8 ಇಂಚಿನ ಎಕ್ಸಾಸ್ಟ್ ಫ್ಯಾನ್. ನಾಲ್ಕೂ ನಾಲ್ಕೂ ಎಂಟು, ಲೆಕ್ಕ ಸರಿಹೋಯ್ತಲ್ಲ?

ಅಕ್ಕ: ಇಂಚು ಕೂಡಿಸಿದೆ, ತೂತು ಕೂಡಿಸಲಿಲ್ಲ. ಗಾಳಿ ಹೋಗೋದು ತೂತಿನ ವಿಸ್ತೀರ್ಣದಲ್ಲಿ. 4 ಇಂಚಿನ ದುಂಡು ತೂತಿಗೆ ಹನ್ನೆರಡೂವರೆ ಚದರ ಇಂಚು, 8 ಇಂಚಿನದಕ್ಕೆ 50 ಚದರ ಇಂಚು. ಒಂದು ಎಂಟಿಂಚಿಗೆ ಸರಿಸಮ ಆಗಬೇಕಾದರೆ ನಾಲ್ಕು ಪೈಪ್ ಬೇಕು. ಸರಿಸಮ ಮಾಡಿದರೂ ಸಾಲದು, ಅದನ್ನ ಆಮೇಲೆ ಹೇಳ್ತೀನಿ.

ತಮ್ಮ: ಫ್ಯಾನ್ ಜೋರಾಗಿ ಎಳೆದರೆ ಪೈಪಲ್ಲಿ ಗಾಳಿ ಜೋರಾಗಿ ಬರುತ್ತೆ. ಕಿಂಡಿ ಚಿಕ್ಕದಾದರೆ ಏನಂತೆ, ವೇಗ ಜಾಸ್ತಿ ಆಗುತ್ತೆ ಅಷ್ಟೇ.

ಅಕ್ಕ: ಖಾಲಿ ಪ್ಲಾಸ್ಟಿಕ್ ಬಾಟಲಿ ಬಾಯಿಗಿಟ್ಟು ಗಾಳಿ ಎಳೆದು ನೋಡು. ಬಾಟಲಿ ನೆಗ್ಗುತ್ತೆ, ನಿನ್ನ ಬಾಯಿಗೆ ಗಾಳಿ ಬರೋದಿಲ್ಲ. ತಳದಲ್ಲಿ ಸೂಜಿ ತೂತು ಮಾಡಿದರೂ ಕಷ್ಟವೇ. ಎಳೆಯೋ ಶಕ್ತಿಯೆಲ್ಲ ಆ ತೂತಿನ ಹತ್ತಿರ ಖರ್ಚಾಗಿಹೋಗುತ್ತೆ. ಶೆಡ್ ಗೋಡೆ ನೆಗ್ಗೋದಿಲ್ಲ ನಿಜ, ಆದರೆ ಫ್ಯಾನ್ ಪಾಡು ಅದೇ. ರೆಕ್ಕೆ ತಿರುಗ್ತಾ ಇರುತ್ತೆ, ಸದ್ದು ಬರುತ್ತೆ, ಕರೆಂಟ್ ಬಿಲ್ಲೂ ಬರುತ್ತೆ, ಗಾಳಿ ಮಾತ್ರ ಹೋಗ್ತಿರೋದಿಲ್ಲ.

ತಮ್ಮ: ಬೇರೆ ಕಡೆಯಿಂದ ಎಳ್ಕೊಳ್ಳುತ್ತಲ್ಲ?

ಅಕ್ಕ: ಎಳ್ಕೊಳ್ಳುತ್ತೆ, ಅದೇ ತೊಂದರೆ. 3 ಅಡಿ ಬಾಗಿಲ ಕೆಳಗೆ ಅರ್ಧ ಇಂಚು ಸಂದು ಇದೆ ಅನ್ನು. ಅದು 18 ಚದರ ಇಂಚು, ನಿನ್ನ ಒಂದು ಪೈಪಿಗಿಂತ ದೊಡ್ಡ ಕಿಂಡಿ. ಶೀಟಿನ ಅಲೆಗೂ ಗೋಡೆಗೂ ನಡುವೆ ಉಳಿಯೋ ಸಂದುಗಳನ್ನ ಸೇರಿಸಿದರೆ ಇನ್ನೂ ಎಷ್ಟೋ ಆಗುತ್ತೆ. ಅಲ್ಲೆಲ್ಲ ನೆಟ್ ಇಲ್ಲ. ಹೊರಗಿನ ಧೂಳು, ಹಸಿರು ಬೂಸ್ಟಿನ ಬೀಜಕಣ, ಅಣಬೆ ನೊಣ ಎಲ್ಲ ಅಲ್ಲಿಂದಲೇ ಒಳಗೆ. ನೀನು ದಾರಿ ಬಿಡದಿದ್ದರೆ ಗಾಳಿ ತನ್ನ ದಾರಿ ತಾನೇ ಹುಡುಕುತ್ತೆ. ಆ ದಾರಿ ನಿನ್ನ ಹತೋಟಿಯಲ್ಲಿರೋದಿಲ್ಲ.

ತಮ್ಮ: ಸರಿ, ಮೊದಲಿಂದ ಹೇಳು. ಅಣಬೆಗೆ ಎಷ್ಟು ಗಾಳಿ ಬೇಕು?

ಅಕ್ಕ: ಅಣಬೆಗೆ ಹಸಿರಿಲ್ಲ. ಗಿಡದ ಹಾಗೆ ಇಂಗಾಲದ ಡೈಆಕ್ಸೈಡ್ ತಿನ್ನೋದಿಲ್ಲ, ನಮ್ಮ ಹಾಗೆ ಉಸಿರಾಡಿ ಅದನ್ನ ಹೊರಗೆ ಬಿಡುತ್ತೆ. ಹೊರಗಿನ ಗಾಳಿಯಲ್ಲಿ ಈಗ ಹತ್ತು ಲಕ್ಷಕ್ಕೆ ಸುಮಾರು 420 ಭಾಗ ಆ ಅನಿಲ ಇದೆ. ಚಿಪ್ಪು ಅಣಬೆ ಫಸಲು ಬಿಡೋ ಹೊತ್ತಲ್ಲಿ ಶೆಡ್ ಒಳಗೆ ಅದು 1000 ಭಾಗದ ಒಳಗೇ ಇರಬೇಕು. ಹೆಚ್ಚಾದರೆ ಅಣಬೆಯೇ ಹೇಳುತ್ತೆ: ಕಾಂಡ ಉದ್ದುದ್ದ, ಕೊಡೆ ಪುಟ್ಟದು. ಗೊಂಚಲಿನ ತೂಕ ಪೂರಾ ಕಾಂಡದಲ್ಲೇ. ಅಂಥ ಮಾಲನ್ನ ಗಿರಾಕಿ ಕೈಯಲ್ಲಿ ಹಿಡಿದು ವಾಪಸ್ ಇಡ್ತಾನೆ.

ತಮ್ಮ: ಅದನ್ನ ಘನ ಅಡಿಗೆ ಹೇಗೆ ತರೋದು?

ಅಕ್ಕ: ಶೆಡ್‌ನ ಗಾಳಿ ಗಂಟೆಗೆ ಎಷ್ಟು ಸಲ ಪೂರ್ತಿ ಬದಲಾಗಬೇಕು ಅಂತ ಹಿಡೀತಾರೆ. ಚಿಪ್ಪು ಅಣಬೆಗೆ ನಾಲ್ಕರಿಂದ ಎಂಟು ಸಲ. ಆರು ಅಂತ ಇಟ್ಕೋ. ನಿನ್ನ ಶೆಡ್ 20, 10, 9 ಗುಣಿಸಿದರೆ 1800 ಘನ ಅಡಿ. ಆರು ಸಲ ಅಂದರೆ ಗಂಟೆಗೆ 10,800. ನಿಮಿಷಕ್ಕೆ 180 ಘನ ಅಡಿ.

ತಮ್ಮ: ಶೆಡ್ ಗಾತ್ರ ಹಿಡಿದು ಲೆಕ್ಕ ಹಾಕೋದು ಅಷ್ಟು ಸರಿ ಕಾಣಲ್ಲ. ಉಸಿರಾಡೋದು ಅಣಬೆ ಬೆಳೆಯೋ ಹುಲ್ಲಿನ ಬ್ಯಾಗ್ ತಾನೆ? ಅದೇ ಶೆಡ್ಡಲ್ಲಿ ನೂರು ಬ್ಯಾಗ್ ನೇತುಹಾಕಿದರೂ ಆರು, ಮುನ್ನೂರು ಹಾಕಿದರೂ ಆರು ಅಂದರೆ?

ಅಕ್ಕ: ಒಳ್ಳೇ ಪ್ರಶ್ನೆ. ಆರು ಅನ್ನೋದು ಶುರು ಮಾಡೋಕೆ ಒಂದು ಅಂದಾಜು. ಬ್ಯಾಗ್ ಒತ್ತೊತ್ತಾಗಿ ಕಟ್ಟಿದರೆ ಎಂಟಕ್ಕೆ ಹೋಗು. ಇಂಗಾಲದ ಡೈಆಕ್ಸೈಡ್ ಅಳೆಯೋ ಮೀಟರ್ ಇದ್ದರೆ ಇನ್ನೂ ಸಲೀಸು. ಫ್ಯಾನ್ ಓಡ್ತಾ ಇರುವಾಗ ಒಳಗೆ 1600 ತೋರಿಸ್ತು ಅನ್ನು. ಹೊರಗಿನ 420 ಕಳೆದರೆ 1180 ನಿನ್ನ ಅಣಬೆ ಸೇರಿಸಿದ್ದು. ಗಾಳಿ ಇಮ್ಮಡಿ ಮಾಡಿದರೆ ಆ ಸೇರಿಕೆ ಅರ್ಧಕ್ಕೆ ಇಳಿಯುತ್ತೆ, 590. ಒಟ್ಟು 1010. ಹೊರಗಿನ 420ಕ್ಕಿಂತ ಕೆಳಗೆ ಎಷ್ಟು ಗಾಳಿ ಬಿಟ್ಟರೂ ಇಳಿಯೋದಿಲ್ಲ ಅನ್ನೋದೂ ಈ ಲೆಕ್ಕದಲ್ಲೇ ಇದೆ.

ತಮ್ಮ: ಹಾಗಾದರೆ ಕಿಂಡಿಯನ್ನ 180 ಘನ ಅಡಿಗೆ ಲೆಕ್ಕ ಹಾಕಬೇಕು.

ಅಕ್ಕ: ಅಲ್ಲೇ ಎಲ್ಲರೂ ದಾರಿ ತಪ್ಪೋದು. 180 ಅನ್ನೋದು ಅಣಬೆ ಕೇಳಿದ್ದು. ಕಿಂಡಿ ಎಷ್ಟಿರಬೇಕು ಅಂತ ಹೇಳೋದು ಫ್ಯಾನ್. ಅಂಗಡಿಯಲ್ಲಿ ನೀನು ತರೋ ಫ್ಯಾನ್ ಡಬ್ಬಿ ಮೇಲೆ ಗಂಟೆಗೆ 500 ಘನ ಮೀಟರ್ ಅಂತ ಬರೆದಿದೆ ಅನ್ನೋಣ. ಒಂದು ಘನ ಮೀಟರ್‌ಗೆ 35 ಘನ ಅಡಿ ಚಿಲ್ಲರೆ, ಅಂದರೆ ನಿಮಿಷಕ್ಕೆ 300 ಘನ ಅಡಿ ಹತ್ತಿರ. ನಿನಗೆ ಬೇಕಾದ್ದು ಗಂಟೆಗೆ 10,800, ಈ ಫ್ಯಾನ್ ಅದನ್ನ 36 ನಿಮಿಷದಲ್ಲಿ ಮುಗಿಸುತ್ತೆ. ಟೈಮರ್ ಹಾಕಿ 12 ನಿಮಿಷ ಓಡಿಸು, 8 ನಿಮಿಷ ನಿಲ್ಲಿಸು. ಆದರೆ ಓಡೋ ಆ 12 ನಿಮಿಷದಲ್ಲಿ ಅದು ಕೇಳೋದು 300. ಕಿಂಡಿ 300 ಕೊಡೋ ಹಾಗಿರಬೇಕು. ಗಂಟೆಯ ಸರಾಸರಿ ಕಟ್ಟಿಕೊಂಡು ಕಿಂಡಿಗೇನೂ ಆಗಬೇಕಿಲ್ಲ.

ತಮ್ಮ: ಡಬ್ಬಿ ಮೇಲಿನ ಸಂಖ್ಯೆ ನಂಬಬಹುದಾ?

ಅಕ್ಕ: ಅದು ಫ್ಯಾನ್ ಮುಂದೆ ಹಿಂದೆ ಅಡ್ಡಿಯಿಲ್ಲದೆ ಬಯಲಲ್ಲಿ ಓಡಿದಾಗಿನ ಸಂಖ್ಯೆ. ಅಡ್ಡಿ ಬಂದ ಹಾಗೆಲ್ಲ ಇಳಿಯುತ್ತೆ. ಈ ರೆಕ್ಕೆ ಫ್ಯಾನ್‌ಗಳಿಗೆ ಎಳೆಯೋ ಒತ್ತಡ ಕಡಿಮೆ. ಹತ್ತಿಪ್ಪತ್ತು ಪ್ಯಾಸ್ಕಲ್ ದಾಟಿದರೆ ಏದುಸಿರು ಬಿಡೋಕೆ ಶುರು. ಅದಕ್ಕೇ ಕಿಂಡಿ ಹತ್ತಿರ ಒತ್ತಡ ಖರ್ಚಾಗದ ಹಾಗೆ ನೋಡ್ಕೊಂಡರೆ ಡಬ್ಬಿಯ ಸಂಖ್ಯೆಗೆ ಹತ್ತಿರ ಬರ್ತೀಯ.

ತಮ್ಮ: ಇದು ನನ್ನ ಓದಿನ ವಿಷಯ, ನಾನು ಹಾಕ್ತೀನಿ ತಾಳು. ತೂತಿನಲ್ಲಿ ಗಾಳಿ ಸೆಕೆಂಡಿಗೆ 1 ಮೀಟರ್ ಹೋದರೆ, ಅಂದರೆ ನಿಮಿಷಕ್ಕೆ ಸುಮಾರು 200 ಅಡಿ, ಒತ್ತಡ ಹೆಚ್ಚುಕಡಿಮೆ ಒಂದೂಮುಕ್ಕಾಲು ಪ್ಯಾಸ್ಕಲ್. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು, ಏಳರ ಹತ್ತಿರ. ನಾಲ್ಕು ಮೀಟರ್ ಆದರೆ 27. ನನ್ನ ಎರಡು ಪೈಪಿನ ಒಟ್ಟು ವಿಸ್ತೀರ್ಣ 0.175 ಚದರ ಅಡಿ. ಅದರಲ್ಲಿ 300 ಘನ ಅಡಿ ತೂರಿಸಬೇಕಾದರೆ... ಸೆಕೆಂಡಿಗೆ ಎಂಟೂಮುಕ್ಕಾಲು ಮೀಟರ್. ಒತ್ತಡ 125 ದಾಟುತ್ತೆ. ಫ್ಯಾನ್ ಕೈಲಿ ಆಗಲ್ಲ.

ಅಕ್ಕ: ನೋಡು, ನೀನೇ ಹೇಳಿದೆ. ನಾನು ಹಿಡಿಯೋ ವೇಗ ನಿಮಿಷಕ್ಕೆ 200 ಅಡಿ. 300 ಅನ್ನ 200ರಿಂದ ಭಾಗಿಸು, ಒಂದೂವರೆ ಚದರ ಅಡಿ ಬಂತು. ಇದು ಬರೀ ತೂತು, ಏನೂ ಅಡ್ಡ ಇಲ್ಲದ್ದು. ನಿನ್ನ ಪೈಪಲ್ಲೇ ಮಾಡ್ತೀನಿ ಅಂದರೆ 17 ಪೈಪ್ ಬೇಕು.

ತಮ್ಮ: ಹದಿನೇಳಾ! ಗೋಡೆ ಜರಡಿ ಆಗುತ್ತೆ. ಚೌಕ ಕಿಂಡಿಯೇ ವಾಸಿ. 1 ಅಡಿ ಚೌಕದ್ದು ಎರಡು ಬಿಟ್ಟರೆ ಆಯ್ತು.

ಅಕ್ಕ: ನೆಟ್ ಹಾಕಲ್ವಾ?

ತಮ್ಮ: ಹಾಕಲೇಬೇಕು. ನೆಟ್‌ನಲ್ಲಿ ಗಾಳಿ ಆರಾಮಾಗಿ ಹೋಗುತ್ತಲ್ಲ.

ಅಕ್ಕ: ಮನೆ ಕಿಟಕಿಯ ಸೊಳ್ಳೆ ನೆಟ್ ಆದರೆ ಹೋಗುತ್ತೆ, ಅದರ ಜೊತೆ ಅಣಬೆ ನೊಣವೂ ಹೋಗುತ್ತೆ. ಸಿಯಾರಿಡ್ ಅಂತಾರೆ, ಸೊಳ್ಳೆಗಿಂತ ಸಣ್ಣ, ತೆಳ್ಳಗಿನ ಕರಿ ನೊಣ. ಹುಲ್ಲಲ್ಲಿ ಮೊಟ್ಟೆ ಇಟ್ಟರೆ ಮರಿಹುಳು ಅಣಬೆಯ ಬಿಳಿ ಎಳೆಯನ್ನೇ ಮೇಯುತ್ತೆ. ಅದನ್ನ ತಡೆಯೋಕೆ 40 ಮೆಶ್ ನೆಟ್ ಬೇಕು, ಅಂದರೆ ಇಂಚಿಗೆ 40 ಕಣ್ಣು. ಅದರಲ್ಲಿ ಎಷ್ಟು ತೂತು, ಎಷ್ಟು ದಾರ, ಲೆಕ್ಕ ಹಾಕು.

ತಮ್ಮ: ಇಂಚು ಅಂದರೆ 25.4 ಮಿಲಿಮೀಟರ್. 40ರಿಂದ ಭಾಗಿಸಿದರೆ ಒಂದು ಕಣ್ಣು ಒಂದು ದಾರ ಸೇರಿ 0.635. ದಾರ 0.23 ಇದ್ದರೆ ಕಣ್ಣು 0.4 ಚಿಲ್ಲರೆ. ಒಂದು ದಿಕ್ಕಲ್ಲಿ ನೂರಕ್ಕೆ 63, ಎರಡೂ ದಿಕ್ಕಲ್ಲಿ ಗುಣಿಸಿದರೆ ನೂರಕ್ಕೆ 40. ಅಯ್ಯೋ, ಮುಕ್ಕಾಲುಪಾಲಿಗೆ ಹತ್ತಿರ ದಾರವೇ!

ಅಕ್ಕ: ಅರವತ್ತು ಪಾಲು ದಾರ. ಕಣ್ಣಿಗೆ ಹಾಗೆ ಕಾಣಲ್ಲ, ಆಚೆಗಿನದೆಲ್ಲ ಕಾಣ್ತಾ ಇರುತ್ತಲ್ಲ. ಒಂದೂವರೆ ಚದರ ಅಡಿ ತೂತು ಸಿಗಬೇಕಾದರೆ ಅದನ್ನ 0.4ರಿಂದ ಭಾಗಿಸು. ಮೂರೂಮುಕ್ಕಾಲು ಚದರ ಅಡಿ ಚೌಕಟ್ಟು ಬೇಕು. ನೆಟ್ ಬದಲು ಲೂವರ್ ಪಟ್ಟಿ ಕೂರಿಸಿದರೂ ಇದೇ ಕಥೆ. ಓರೆ ಪಟ್ಟಿಗಳ ನಡುವೆ ತೆರವು ಎಷ್ಟಿದೆಯೋ ಅಷ್ಟೇ ಲೆಕ್ಕಕ್ಕೆ.

ತಮ್ಮ: ನಾಲ್ಕು ಕಿಂಡಿ ಸಾಕು ಹಾಗಾದರೆ.

ಅಕ್ಕ: ಹೊಸ ನೆಟ್‌ಗೆ ಸಾಕು. ನಮ್ಮ ತೋಟದ ಧೂಳು, ಒಳಗಿಂದ ಬರೋ ತೇವ, ಇವೆರಡೂ ಸೇರಿ ನೆಟ್ ಮೇಲೆ ಮಣ್ಣಿನ ಪದರ ಕಟ್ಟುತ್ತೆ. ಬಟ್ಟೆ ಒಗೆಯೋ ಬ್ರಷ್ಷಲ್ಲಿ ಉಜ್ಜಿದಾಗ ಕೆಂಪು ನೀರು ಇಳಿಯುತ್ತಲ್ಲ, ಆಗ ಗೊತ್ತಾಗುತ್ತೆ ಎಷ್ಟು ಕಣ್ಣು ಮುಚ್ಚಿತ್ತು ಅಂತ. ತೂತಿನ ವಿಸ್ತೀರ್ಣ ಅರ್ಧ ಆದರೆ ಒತ್ತಡ ನಾಲ್ಕು ಪಟ್ಟು, ಈಗ ನೀನೇ ಹೇಳಿದ್ದು. ಅದಕ್ಕೆ 1 ಅಡಿ ಚೌಕದ ಆರು ಕಿಂಡಿ ಬಿಡು. ಚೌಕಟ್ಟನ್ನ ಗೋಡೆಗೆ ಸಿಮೆಂಟಲ್ಲಿ ಕಚ್ಚಿಸಬೇಡ. ಸ್ಕ್ರೂ ಬಿಚ್ಚಿ ನೆಟ್ ಈಚೆ ತಂದು ತೊಳೆಯೋ ಹಾಗಿರಬೇಕು.

ತಮ್ಮ: ಇಷ್ಟೆಲ್ಲ ಯಾಕೆ? ಫ್ಯಾನನ್ನೇ ದೊಡ್ಡದು ತಂದರೆ? 12 ಇಂಚಿಂದು ಗಂಟೆಗೆ 1500 ಘನ ಮೀಟರ್ ಎಳೆಯುತ್ತೆ. ಗಂಟೆಗೆ 12 ನಿಮಿಷ ಓಡಿಸಿದರೆ ಮುಗೀತು.

ಅಕ್ಕ: ಆ 12 ನಿಮಿಷ ಅದು ನಿಮಿಷಕ್ಕೆ 880 ಘನ ಅಡಿ ಕೇಳುತ್ತೆ. ನೆಟ್ ಸಮೇತ 11 ಚದರ ಅಡಿ ಕಿಂಡಿ ಬೇಕು. ಕಿಂಡಿ ಉಳಿಸೋಕೆ ಹೋಗಿ ಕಿಂಡಿ ಮೂರು ಪಟ್ಟು ಮಾಡಿದ ಹಾಗಾಯ್ತು. ಅದು ಬಿಡು, ಅಣಬೆ ಕಡೆಯಿಂದ ನೋಡು. ಎರಡೇ ನಿಮಿಷದಲ್ಲಿ ಶೆಡ್‌ನ ಗಾಳಿ ಪೂರ್ತಿ ಬದಲಾಗುತ್ತೆ. ಒಳಗಿದ್ದ ತೇವ ಎಲ್ಲ ಹೊರಗೆ. ಕಿಂಡಿ ಪಕ್ಕದ ಸಾಲಿನ ಪಿನ್‌ಹೆಡ್, ಅಂದರೆ ಆಗತಾನೆ ಮೂಡಿದ ಎಳೆ ಅಣಬೆ, ತುದಿ ಹಳದಿಗೆ ತಿರುಗಿ ಒಣಗುತ್ತೆ. ಉಳಿದ 48 ನಿಮಿಷ ಗಾಳಿಯೇ ಇಲ್ಲ. ಚಿಕ್ಕ ಫ್ಯಾನ್ ಹೆಚ್ಚು ಹೊತ್ತು ಓಡೋದೇ ಅಣಬೆಗೆ ಹಿತ.

ತಮ್ಮ: ತೇವದ ಮಾತು ಬಂತಲ್ಲ, ನನಗೆ ಇರೋ ದಿಗಿಲೇ ಅದು. ಕಿಂಡಿ ದೊಡ್ಡದಾದಷ್ಟೂ ತೇವ ಸೋರಿಹೋಗುತ್ತೆ. ಒಳಗೆ ನೂರಕ್ಕೆ 85ರ ತೇವಾಂಶ ಇರಬೇಕು ಅಂತ ನೀನೇ ಹೇಳ್ತೀಯ.

ಅಕ್ಕ: ಫ್ಯಾನ್ ಓಡುವಾಗ ತೇವ ಹೋಗೋದು ಗಾಳಿ ಹೋದಷ್ಟು, ಕಿಂಡಿ ಇದ್ದಷ್ಟು ಅಲ್ಲ. 300 ಘನ ಅಡಿ ಗಾಳಿ ದೊಡ್ಡ ಕಿಂಡಿಯಲ್ಲಿ ಬಂದರೂ ಚಿಕ್ಕ ಕಿಂಡಿಯಲ್ಲಿ ಬಂದರೂ ಅದಕ್ಕೆ ಬೇಕಾದ ನೀರು ಅಷ್ಟೇ. ಚಿಕ್ಕ ಕಿಂಡಿಯಿಂದ ತೇವ ಉಳೀತು ಅಂತ ಯಾರಾದರೂ ಹೇಳಿದರೆ ಗಾಳಿ ಕಡಿಮೆ ಆಯ್ತು ಅಂತಲೇ ಅರ್ಥ.

ತಮ್ಮ: ಹಾಗಾದರೆ ನೀರಿನ ಲೆಕ್ಕವನ್ನೂ ಹಾಕಬಹುದು. ಮಾರ್ಚ್ ಮಧ್ಯಾಹ್ನ, ಹೊರಗೆ 32 ಡಿಗ್ರಿ, ತೇವಾಂಶ ನೂರಕ್ಕೆ 30. ಆ ಗಾಳಿಯಲ್ಲಿ ಘನ ಮೀಟರ್‌ಗೆ ಸುಮಾರು 10 ಗ್ರಾಂ ನೀರಾವಿ. ಒಳಗೆ 26 ಡಿಗ್ರಿ, ನೂರಕ್ಕೆ 85 ಅಂದರೆ ಹತ್ತಿರ ಹತ್ತಿರ 21 ಗ್ರಾಂ. ವ್ಯತ್ಯಾಸ 11. ಗಂಟೆಗೆ 306 ಘನ ಮೀಟರ್ ಗಾಳಿ ಬದಲಾದರೆ 3 ಲೀಟರ್ ಮೇಲೆ ನೀರು ಆವಿಯಾಗಬೇಕು!

ಅಕ್ಕ: ಶೆಡ್ ತಂಪಾಗಿದ್ದರೆ ಅದರ ಅರ್ಧದಲ್ಲೂ ಆಗುತ್ತೆ. ತಂಪು ಗಾಳಿ ಕಡಿಮೆ ನೀರಲ್ಲೇ ತೇವ ಅನಿಸಿಕೊಳ್ಳುತ್ತೆ. ಮಳೆಗಾಲದಲ್ಲಿ ಹೊರಗಿನ ಗಾಳಿಯೇ ತೇವ, ಖರ್ಚು ಬಹಳ ಕಡಿಮೆ. ಬೇಸಿಗೆಗೆ ಮಾತ್ರ ಕಿಂಡಿ ಮುಂದೆ ಹಸಿ ಗೋಣಿ ಕಟ್ಟು, ಮೇಲಿಂದ ತೂತಿನ ಪೈಪಲ್ಲಿ ನೀರು ತೊಟ್ಟಿಕ್ಕಲಿ. ಬರೋ ಗಾಳಿ ತಂಪೂ ಆಗುತ್ತೆ, ತೇವವೂ ಆಗುತ್ತೆ. ಆದರೆ ಗೋಣಿಯನ್ನ ನೆಟ್‌ಗೆ ಅಂಟಿಸಿ ಬಿಗಿಯಬೇಡ. ಹಸಿ ಗೋಣಿಯ ನಾರು ಉಬ್ಬಿ ಕಣ್ಣೆಲ್ಲ ಮುಚ್ಚಿರುತ್ತೆ, ಗಾಳಿಗೆ ಅದು ಗೋಡೆಯೇ. ಗೋಡೆಯಿಂದ ಒಂದು ಗೇಣು ಆಚೆಗೆ, ಎರಡೂ ಪಕ್ಕ ತೆರೆದ ಹಾಗೆ ಇಳಿಬಿಡು. ಗಾಳಿ ಗೋಣಿಯನ್ನ ಸವರಿಕೊಂಡು ಬರಲಿ.

ತಮ್ಮ: ಒಂದು ಅನುಮಾನ. ದೊಡ್ಡ ಕೋಳಿ ಶೆಡ್‌ನವರು ಬೇಕಂತಲೇ ಕಿಂಡಿ ಕಿರಿದು ಮಾಡ್ತಾರಲ್ಲ? ಒಳಗಿನ ಒತ್ತಡ 20, 30 ಪ್ಯಾಸ್ಕಲ್ ಇಳಿಸಿ ಗಾಳಿಯನ್ನ ರಭಸವಾಗಿ ನುಗ್ಗಿಸ್ತಾರೆ.

ಅಕ್ಕ: ಅವರ ಕಾರಣ ಬೇರೆ. ಅಲ್ಲಿ ಕಿಂಡಿ ಗೋಡೆಯ ಮೇಲ್ಗಡೆ ಇರುತ್ತೆ. ತಣ್ಣನೆ ಗಾಳಿ ಮರಿಗಳ ಮೇಲೆ ಬೀಳದೆ ಸೂರಿನ ಉದ್ದಕ್ಕೂ ಹಾರಿ, ಬೆಚ್ಚಗಾಗಿ, ಆಮೇಲೆ ಇಳಿಯಬೇಕು. ಹಾರಬೇಕಾದರೆ ರಭಸ ಬೇಕು. ಆ ಒತ್ತಡ ತಾಳೋ ದೊಡ್ಡ ಫ್ಯಾನ್ ಅವರ ಹತ್ತಿರ ಇದೆ. ನಮ್ಮದು 20 ಅಡಿ ಶೆಡ್, ಮನೆ ಬಳಕೆಯ ಫ್ಯಾನ್, ಪಕ್ಕದಲ್ಲೇ ಹಸಿ ಪಿನ್‌ಹೆಡ್. ನಮಗೆ ಗಾಳಿ ನಿಧಾನವಾಗಿ, ಅಗಲವಾಗಿ ಬಂದರೇ ಒಳ್ಳೇದು. ಒಂದೇ ದೊಡ್ಡ ಕಿಟಕಿ ಇಡೋ ಬದಲು ಆರು ಕಿಂಡಿ ಹಂಚಿ ಇಡು ಅಂದದ್ದು ಅದಕ್ಕೇ.

ತಮ್ಮ: ಫ್ಯಾನನ್ನ ತಿರುಗಿಸಿ ಒಳಕ್ಕೆ ಊದೋ ಹಾಗೆ ಕೂರಿಸಿದರೆ? ಆಗ ಸಂದುಗಳಿಂದ ಗಾಳಿ ಹೊರಗೇ ಹೋಗುತ್ತೆ, ನೊಣ ಒಳಗೆ ಬರೋ ಮಾತೇ ಇಲ್ಲ.

ಅಕ್ಕ: ಎಸಿ ಹಾಕಿ ಬಟನ್ ಅಣಬೆ ಬೆಳೆಯೋರು ಹಾಗೇ ಮಾಡ್ತಾರೆ. ಫಿಲ್ಟರ್ ಮೂಲಕ ಗಾಳಿ ಊದಿ ಒಳಗೆ ಒತ್ತಡ ಇಡ್ತಾರೆ. ಶುಚಿಗೆ ಅದು ಉತ್ತಮ, ಇಲ್ಲ ಅನ್ನಲ್ಲ. ಆದರೆ ಫಿಲ್ಟರ್ ತಡೆಯನ್ನ ಮೀರಿ ಊದೋಕೆ ಬ್ಲೋವರ್ ಬೇಕು, ಹಂಚೋಕೆ ಉದ್ದಕ್ಕೂ ತೂತಿರೋ ಪ್ಲಾಸ್ಟಿಕ್ ಕೊಳವೆ ಬೇಕು. ಆಗಲೂ ಗಾಳಿ ಹೊರಹೋಗೋ ಕಿಂಡಿಗೆ ಇದೇ ಲೆಕ್ಕ ಹಾಕಲೇಬೇಕು. ನಿನ್ನ ಮೊದಲ ಶೆಡ್‌ಗೆ ಎಳೆಯೋ ಫ್ಯಾನ್ ಸಾಕು, ಸಂದುಗಳನ್ನ ಚೆನ್ನಾಗಿ ಮುಚ್ಚು.

ತಮ್ಮ: ಎಲ್ಲಿಡೋದು? ಇಂಗಾಲದ ಡೈಆಕ್ಸೈಡ್ ಭಾರ, ನೆಲದಲ್ಲಿ ಕೂರುತ್ತೆ, ಅದಕ್ಕೆ ಫ್ಯಾನ್ ಕೆಳಗಿಡಬೇಕು ಅಂತ ಕೆಲವರು ಹೇಳ್ತಾರೆ.

ಅಕ್ಕ: ನಾನೂ ಹಾಗೆ ಕೇಳಿದ್ದೀನಿ. ನೀನೇನು ಹೇಳ್ತೀಯ?

ತಮ್ಮ: ಲೆಕ್ಕ ಒಪ್ಪಲ್ಲ. ಅನಿಲ ಗಾಳಿಯ ಒಂದೂವರೆಪಟ್ಟು ಭಾರ ನಿಜ. ಆದರೆ ಹತ್ತು ಲಕ್ಷಕ್ಕೆ 2000 ಭಾಗ ಇದ್ದರೂ ಹೊರಗಿನದಕ್ಕಿಂತ ಹೆಚ್ಚಿರೋದು 1600ರ ಹತ್ತಿರ. ಅದರಿಂದ ಒಳಗಿನ ಗಾಳಿಯ ಭಾರ ಸಾವಿರಕ್ಕೆ ಒಂದು ಪಾಲು ಕೂಡ ಹೆಚ್ಚೋದಿಲ್ಲ. ಗಾಳಿ ಕಾಲು ಡಿಗ್ರಿ ಬೆಚ್ಚಗಾದರೆ ಸಾಕು, ಆ ಭಾರ ತೀರಿಹೋಯ್ತು. ಬ್ಯಾಗ್ ಉಸಿರಾಡುವಾಗ ಶಾಖವನ್ನೂ ಬಿಡುತ್ತಲ್ಲ.

ಅಕ್ಕ: ಸರಿ ಹೋಯ್ತು. ಹಾಗಾದರೆ ಭಾರದ ಮಾತು ಬಿಡು, ದಾರಿ ಉದ್ದ ಇರಲಿ. ಕಿಂಡಿ ಒಂದು ತುದಿಯ ಗೋಡೆಯಲ್ಲಿ ನೆಲದಿಂದ ಒಂದೂವರೆ ಅಡಿ ಮೇಲೆ. ಅಷ್ಟು ಎತ್ತರ ಇಟ್ಟರೆ ಮಳೆ ಹನಿ ಸಿಡಿದು ಮಣ್ಣು ಬರೋದಿಲ್ಲ. ಇಲಿಗೆ ಹೊರಗಡೆ ಒಂದು ವೆಲ್ಡ್ ಮೆಶ್. ಫ್ಯಾನ್ ಎದುರು ತುದಿಯಲ್ಲಿ ಮೇಲೆ. ಗಾಳಿ ಎಲ್ಲ ಬ್ಯಾಗ್‌ಗಳ ನಡುವೆ ಹಾದು ಬರಬೇಕು. ಫ್ಯಾನ್ ಪಕ್ಕದಲ್ಲೇ ಕಿಂಡಿ ಇದ್ದರೆ ಬಂದ ಗಾಳಿ ಹಾಗೇ ವಾಪಸ್ ಹೋಗುತ್ತೆ, ಮಧ್ಯದ ಸಾಲು ಉಸಿರುಕಟ್ಟಿ ನಿಂತಿರುತ್ತೆ.

ತಮ್ಮ: ದಿಕ್ಕು?

ಅಕ್ಕ: ಮಳೆಗಾಲದಲ್ಲಿ ನಮಗೆ ಗಾಳಿ ಪಡುವಣದಿಂದ ಬೀಸುತ್ತೆ. ಕಿಂಡಿ ಪಡುವಣಕ್ಕೆ, ಫ್ಯಾನ್ ಮೂಡಣಕ್ಕೆ ಇಟ್ಟರೆ ಗಾಳಿಯೇ ಫ್ಯಾನ್‌ಗೆ ನೆರವಾಗುತ್ತೆ. ಸೆಕೆಂಡಿಗೆ 3 ಮೀಟರ್ ಗಾಳಿ ಅಂದರೆ ಐದು ಪ್ಯಾಸ್ಕಲ್ ಮೇಲೆ. ನಮ್ಮ ಕಿಂಡಿಗೆ ಖರ್ಚಾಗೋದಕ್ಕಿಂತ ಅದೇ ಜಾಸ್ತಿ. ಎರಚಲು ಹೊಡೆಯದ ಹಾಗೆ ಕಿಂಡಿ ಮೇಲೆ ಒಂದೂವರೆ ಅಡಿ ಸಜ್ಜಾ ಎಳೆಸು. ಚಳಿಗಾಲದಲ್ಲಿ ಮೂಡಣ ಗಾಳಿ ಎದುರು ಹೊಡೆಯುತ್ತೆ, ಫ್ಯಾನ್‌ಗೆ ಹೊರಗಡೆ ತಗಡಿನ ಮರೆ ಬೇಕು. ಇನ್ನೊಂದು, ಫ್ಯಾನ್ ಬಾಯಿ ಮನೆ ಕಡೆಗೋ ಕಿಂಡಿ ಕಡೆಗೋ ತಿರುಗಿರಬಾರದು. ಚಿಪ್ಪು ಅಣಬೆ ಬಲಿತರೆ ಬಿಳಿ ಹಿಟ್ಟಿನ ಹಾಗೆ ಬೀಜಕಣ ಉದುರಿಸುತ್ತೆ. ದಿನಾ ಅದನ್ನ ಉಸಿರಾಡಿದರೆ ಕೆಮ್ಮು, ಜ್ವರ, ಉಬ್ಬಸ ಬರುತ್ತೆ. ಕೊಡೆಯ ಅಂಚು ಇನ್ನೂ ಒಳಕ್ಕೆ ಮಡಿಚಿರುವಾಗಲೇ ಕೊಯ್ದುಬಿಡು, ಕೊಯ್ಯುವಾಗ ಮಾಸ್ಕ್ ಹಾಕ್ಕೋ.

ತಮ್ಮ: ಕರೆಂಟ್ ಹೋದರೆ? ನಮ್ಮಲ್ಲಿ ಅದೂ ಒಂದು ಹವಾಮಾನವೇ.

ಅಕ್ಕ: ಫ್ಯಾನ್ ನಿಂತರೆ ಉಳಿಯೋದು ಬಿಸಿ ಗಾಳಿ ಮೇಲೇಳೋ ಶಕ್ತಿ ಮಾತ್ರ. ಅದೆಷ್ಟು?

ತಮ್ಮ: ಒಳಗೆ ಹೊರಗೆ 3 ಡಿಗ್ರಿ ವ್ಯತ್ಯಾಸ, ಕೆಳಗಿನ ಕಿಂಡಿಗೂ ಮೇಲಿನದಕ್ಕೂ 2 ಮೀಟರ್ ಎತ್ತರ ಅಂದರೆ ಕಾಲು ಪ್ಯಾಸ್ಕಲ್ ಕೂಡ ಇಲ್ಲ. ತೂತಿನಲ್ಲಿ ಸೆಕೆಂಡಿಗೆ ಕಾಲು ಮೀಟರ್ ವೇಗ ಸಿಕ್ಕರೆ ಹೆಚ್ಚು. ಫ್ಯಾನ್ ಇದ್ದಾಗಿನ ಕಾಲು ಭಾಗ.

ಅಕ್ಕ: ಅದಕ್ಕೇ ಕೆಳಗಿನ ಕಿಂಡಿ ದೊಡ್ಡದಿದ್ದರೆ ಆಗ ಉಪಕಾರಕ್ಕೆ ಬರುತ್ತೆ. ಆದರೆ ಮೇಲೆ ಹೊರದಾರಿಯೂ ಬೇಕು, ನಿಂತ ಫ್ಯಾನಿನ ತೂತು ಸಾಲದು. ಸೂರಿನ ಹತ್ತಿರ ಎರಡು ಗವಾಕ್ಷಿ ಬಿಡು, ನೆಟ್ ಹಾಕು, ಮುಚ್ಚಳ ಇರಲಿ. ಕರೆಂಟ್ ಹೋದಾಗ ತೆಗಿ. ಬಂದ ಕೂಡಲೇ ಮುಚ್ಚು, ಇಲ್ಲದಿದ್ದರೆ ಫ್ಯಾನ್ ಆ ಗವಾಕ್ಷಿಯಿಂದಲೇ ಎಳೆದು ಹೊರಗೆ ಹಾಕುತ್ತೆ, ಬ್ಯಾಗ್ ಹತ್ತಿರಕ್ಕೆ ಗಾಳಿ ಬರೋದೇ ಇಲ್ಲ.

ತಮ್ಮ: ಕೆಳಗಿನ ಆರು ಕಿಂಡಿಗೂ ಮುಚ್ಚಳ ಬೇಕಾ?

ಅಕ್ಕ: ಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಸ್ಪಾನ್, ಅಂದರೆ ಅಣಬೆ ಬಿತ್ತನೆ, ತಂದು ಬ್ಯಾಗ್ ಕಟ್ತೀಯ. ಮೊದಲ ಹದಿನೈದಿಪ್ಪತ್ತು ದಿನ ಬಿಳಿ ಎಳೆ ಹುಲ್ಲಲ್ಲಿ ಹರಡೋ ಹೊತ್ತು. ಆಗ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದರೂ ಅದಕ್ಕೆ ತೊಂದರೆಯಿಲ್ಲ, ಹೆಚ್ಚು ಗಾಳಿ ಬಿಟ್ಟರೆ ನಿನಗೇ ನೀರು ದಂಡ. ನಾಲ್ಕು ಕಿಂಡಿ ಮುಚ್ಚಿ ಎರಡು ಬಿಡು, ಫ್ಯಾನ್ ಯಾವಾಗಲೋ ಒಮ್ಮೆ. ಪಿನ್‌ಹೆಡ್ ಕಾಣಿಸಿದ ದಿನ ಆರನ್ನೂ ತೆಗಿ. ಗೋಡೆಗೆ ಜಾರೋ ಹಲಗೆ ಕೂರಿಸಿದರೆ ಒಂದು ಕೈಯಲ್ಲಿ ಆಗೋ ಕೆಲಸ. ದೊಡ್ಡ ಕಿಂಡಿಯನ್ನ ಮುಚ್ಚೋಕೆ ಹಲಗೆ ಸಾಕು, ಚಿಕ್ಕದನ್ನ ಹಿಗ್ಗಿಸೋಕೆ ಗೋಡೆ ಒಡೀಬೇಕು.

ತಮ್ಮ: ಎಲ್ಲ ಕೂರಿಸಿದ ಮೇಲೆ ಸರಿಯಾಗಿದೆ ಅಂತ ಹೇಗೆ ತಿಳಿಯೋದು?

ಅಕ್ಕ: ಫ್ಯಾನ್ ಹಾಕಿ, ಒಂದು ಊದುಬತ್ತಿ ಹಚ್ಚಿಕೊಂಡು ಒಳಗೆ ಸುತ್ತು. ಕಿಂಡಿ ಹತ್ತಿರ ಹೊಗೆ ಮೆಲ್ಲಗೆ ಒಳಮುಖವಾಗಿ ಬಾಗಬೇಕು. ಬಾಗಿಲ ಸಂದು, ಶೀಟಿನ ಅಂಚು, ಪೈಪ್ ತೂರಿಸಿದ ಜಾಗ, ಎಲ್ಲ ಕಡೆ ಹಿಡಿದು ನೋಡು. ಎಲ್ಲಿ ಹೊಗೆ ಚಕ್ಕನೆ ಒಳಕ್ಕೆ ಹಾರುತ್ತೋ ಅಲ್ಲಿ ಸೋರಿಕೆ. ಅಲ್ಲಿ ಫೋಮ್ ತುಂಬು. ಆಮೇಲೆ ಬಾಗಿಲು ತೆಗೆದು ನೋಡು, ಕೈಗೆ ಬಿಗಿ ಹತ್ತಿದರೆ ಕಿಂಡಿ ಸಾಲದು ಅಂತ ಲೆಕ್ಕ.

ತಮ್ಮ: ಅದೂ ಕೂಡುತ್ತೆ ಅಕ್ಕ. 3 ಅಡಿ, ಆರೂವರೆ ಅಡಿ ಬಾಗಿಲಿಗೆ 25 ಪ್ಯಾಸ್ಕಲ್ ಅಂದರೆ ಹಿಡಿ ಹತ್ತಿರ ಎರಡು ಕೆಜಿ ಮೇಲೆ ಎಳೀಬೇಕು. ಎರಡು ಮೂರು ಪ್ಯಾಸ್ಕಲ್ ಆದರೆ ಕಾಲು ಕೆಜಿ, ಗೊತ್ತೇ ಆಗಲ್ಲ.

ಅಕ್ಕ: ಗೊತ್ತಾಗಬಾರದು. ಒಂದು ತಿಂಗಳ ಮೇಲೆ ಮತ್ತೆ ಅದೇ ಬಾಗಿಲು ಬಿಗಿಯಾಗಿದ್ದರೆ ನೆಟ್ ಕಟ್ಟಿಕೊಂಡಿದೆ, ತೊಳೆಯೋ ಹೊತ್ತಾಯ್ತು ಅಂತ.

ತಮ್ಮ: ಹಾಗಾದರೆ ಗಾರೆಯವರಿಗೆ ಏನು ಹೇಳಲಿ?

ಅಕ್ಕ: ಪಡುವಣದ 10 ಅಡಿ ಗೋಡೆಯಲ್ಲಿ ನೆಲದಿಂದ ಒಂದೂವರೆ ಅಡಿ ಮೇಲೆ, 1 ಅಡಿ ಚೌಕದ ನಾಲ್ಕು ಕಿಂಡಿ. ಅದೇ ತುದಿಗೆ ಹೊಂದಿಕೊಂಡು ಎರಡು ಉದ್ದ ಗೋಡೆಗಳಲ್ಲಿ ಒಂದೊಂದು. ಮೇಲೆ ಸಜ್ಜಾ. ಮೂಡಣ ಗೋಡೆಯ ಮೇಲ್ಗಡೆ ಫ್ಯಾನ್‌ಗೆ ಒಂದು, ಸೂರಿನ ಹತ್ತಿರ ಗವಾಕ್ಷಿ ಎರಡು. ಬೇರೆ ಅಳತೆಯ ಶೆಡ್ ಕಟ್ಟೋರು ನಿನ್ನ ಕೇಳಿದರೆ ಈ ಆರು ಕಿಂಡಿಯ ಸಂಖ್ಯೆ ಹೇಳಬೇಡ, ಲೆಕ್ಕ ಹೇಳು: ಫ್ಯಾನ್ ನಿಮಿಷಕ್ಕೆ ಎಳೆಯೋ ಘನ ಅಡಿಯನ್ನ 200ರಿಂದ ಭಾಗಿಸು, ಬಂದದ್ದನ್ನ ನೆಟ್‌ನ ತೆರವಿನ ಪಾಲಿನಿಂದ ಭಾಗಿಸು, ಧೂಳಿಗೆ ಅರ್ಧದಷ್ಟು ಮೇಲೆ ಸೇರಿಸು. ಗೋಡೆ ಏಳೋ ಮೊದಲು ಈ ಲೆಕ್ಕ ಹಾಕಿದರೆ ಹತ್ತು ನಿಮಿಷದ ಕೆಲಸ. ಫ್ಯಾನ್ ಅಂಗಡಿ ಎಲ್ಲೂ ಓಡಿಹೋಗಲ್ಲ, ಅದನ್ನ ಕೊನೆಗೆ ತಂದರೆ ಸಾಕು.